ದೊಡ್ಡವರ ಕೊಳದ ಹತ್ತಿರದ ಮನೆ

ಫ್ಲೋರಿಡಾದ ‘ದ ವಿಲೇಜಸ್’ನಲ್ಲಿ ಚಳಿಗಾಲಕ್ಕೊಂದು ಬಾಡಿಗೆ ಮನೆ ಹುಡುಕಲು ಹೊರಟವರಿಗೆ ಮೊದಲ ಕಷ್ಟ ಆ ಊರಿನ ಗಾತ್ರ. ನಿವೃತ್ತರಿಗೆಂದೇ ಬೆಳೆಸಿದ ಊರು ಅದು. 2020ರ ಜನಗಣತಿಯ ಹೊತ್ತಿಗೇ ಅಲ್ಲಿ 79 ಸಾವಿರ ಜನರಿದ್ದರು. ಮೂರು ಕೌಂಟಿಗಳಿಗೆ ಹರಡಿದೆ, ಬಡಾವಣೆಗಳು ಲೆಕ್ಕಕ್ಕೆ ಸಿಗದಷ್ಟು. ಅಲ್ಲಿಯವರು ವಿಳಾಸ ಹೇಳುವುದು ರಸ್ತೆ ನಂಬರಿನ ಮೇಲೆ: 466ರ ಉತ್ತರಕ್ಕೆ, 466 ಮತ್ತು 466ಎ ನಡುವೆ, 44ರ ದಕ್ಷಿಣಕ್ಕೆ. ಅಷ್ಟು ಕೇಳಿದರೆ ಸಾಕು, ಮನೆ ಎಷ್ಟು ಹಳೆಯದು, ಸುತ್ತ ಮರಗಳು ಬೆಳೆದಿವೆಯೋ ಇಲ್ಲವೋ, ಸಂಜೆ ಎಲ್ಲಿಗೆ ಹೋಗಿ ಕೂರುತ್ತೀರಿ ಎಂಬುದೆಲ್ಲ ಅವರಿಗೆ ಗೊತ್ತಾಗಿಬಿಡುತ್ತದೆ.

ಕಳೆದ ಬೇಸಿಗೆಯಿಡೀ ನಾನೂ ನಮ್ಮ ಯಜಮಾನರೂ ಒಹಾಯೋದ ನಮ್ಮ ಅಡುಗೆಮನೆ ಮೇಜಿನ ಮೇಲೆ ಆ ಊರಿನ ನಕ್ಷೆ ಹರಡಿಕೊಂಡು ಕೂತಿದ್ದೆವು. ಜನವರಿಯಿಂದ ಮಾರ್ಚ್‌ವರೆಗೆ ಹಿಮದಿಂದ ತಪ್ಪಿಸಿಕೊಳ್ಳಬೇಕಿತ್ತು. ಆ ಮೂರು ತಿಂಗಳಲ್ಲೇ ಅಲ್ಲಿ ಬಾಡಿಗೆ ಅತಿ ಹೆಚ್ಚು, ಮನೆಗಳು ಬಲು ಮುಂಚೆಯೇ ಹೋಗಿಬಿಡುತ್ತವೆ. ತಡ ಮಾಡುವಂತಿರಲಿಲ್ಲ.

ಉತ್ತರದ ತುದಿಯಲ್ಲಿ, 441ರ ಆಚೆ, ಊರು ಹುಟ್ಟಿದ ಜಾಗವಿದೆ. ಆಗ ಅದರ ಹೆಸರು ಆರೆಂಜ್ ಬ್ಲಾಸಂ ಗಾರ್ಡನ್ಸ್. ಕಾರ್ಖಾನೆಯಲ್ಲಿ ತಯಾರಿಸಿ ತಂದು ನಿಲ್ಲಿಸಿದ ಸಣ್ಣ ಮನೆಗಳ ಕಾಲೊನಿ. 1980ರ ದಶಕದಲ್ಲಿ ಹೆರಾಲ್ಡ್ ಶ್ವಾರ್ಟ್ಜ್ ಮತ್ತು ಅವರ ಮಗ ಗ್ಯಾರಿ ಮೋರ್ಸ್ ಅದನ್ನು ಗಾಲ್ಫ್, ಈಜುಕೊಳ, ಕ್ಲಬ್ಬುಗಳ ಊರನ್ನಾಗಿ ಬೆಳೆಸಿದರು. ಆ ಕಡೆಯ ಚೌಕ ಸ್ಪ್ಯಾನಿಷ್ ಸ್ಪ್ರಿಂಗ್ಸ್. ಮಧ್ಯದಲ್ಲಿ ಕೆರೆ ದಂಡೆಯ ಲೇಕ್ ಸಮ್ಟರ್ ಲ್ಯಾಂಡಿಂಗ್, 2004ರದ್ದು. ಇನ್ನೂ ಕೆಳಗೆ 2012ರ ಬ್ರೌನ್‌ವುಡ್, ದನಗಾಹಿಗಳ ಪೇಟೆಯ ಹಾಗೆ ಕಾಣಲೆಂದು ಕಟ್ಟಿದ್ದು. 44 ದಾಟಿದರೆ ಹೊಸ ಮನೆಗಳು, ಅಗಲ ರಸ್ತೆಗಳು, ಇನ್ನೂ ನೆರಳು ಕೊಡದ ಸಸಿಗಳು. ಚೌಕಗಳಲ್ಲಿ ದಿನಾ ಸಂಜೆ ಬಿಟ್ಟಿ ಸಂಗೀತ, ಕುಣಿತ. ಮನೆಯಿಂದ ಅಲ್ಲಿಗೆ ಗಾಲ್ಫ್ ಕಾರ್ಟಿನಲ್ಲೇ ಹೋಗಿಬರುತ್ತಾರೆ.

ಯಜಮಾನರ ಮಂಡಿ ನೋವಿಗೆ ಆಸ್ಪತ್ರೆ ತೀರ ದೂರ ಇರಬಾರದಿತ್ತು, ಹಾಗಾಗಿ 44ರ ದಕ್ಷಿಣ ಬಿಟ್ಟೆವು. ದ ವಿಲೇಜಸ್‌ನಿಂದ ಬಹಳ ದೂರವಿಲ್ಲದ ಟವೇರೀಸ್‌ನಲ್ಲಿ ಭಾರತೀಯ ಹಿರಿಯರಿಗೆಂದೇ ಕಟ್ಟಿದ ಶಾಂತಿನಿಕೇತನವೂ ಇದೆ. ಸಸ್ಯಾಹಾರದ ಊಟ, ದೇವರ ಕೋಣೆ, ನಮ್ಮವರ ಜೊತೆ. ಗೆಳತಿಯರು ಅದನ್ನೇ ಹೇಳಿದರು. ಆದರೆ ಇವರಿಗೆ ಗಾಲ್ಫ್ ಕಲಿಯುವ ಆಸೆ. ನನಗೆ, ಒಪ್ಪಿಕೊಳ್ಳುತ್ತೇನೆ, ಮಕ್ಕಳು ಎಲ್ಲಿದ್ದಾರೆ, ಮೊಮ್ಮಕ್ಕಳೆಷ್ಟು ಎಂದು ಯಾರೂ ಕೇಳದ ಜಾಗ ಬೇಕಿತ್ತು.

ಕೊನೆಗೆ ಉಳಿದದ್ದು ಎರಡು ಮನೆ. ಎರಡೂ 466 ಮತ್ತು 466ಎ ನಡುವಿನವು, ಎರಡೂ ಗೋಡೆಯೊಳಗೆ ಪುಟ್ಟ ಅಂಗಳವಿರುವ ಕೋರ್ಟ್‌ಯಾರ್ಡ್ ವಿಲ್ಲಾಗಳು, ಬಾಡಿಗೆಯೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿದ್ದದ್ದು ಈಜುಕೊಳದಲ್ಲಿ. ಆ ಊರಿನಲ್ಲಿ ಕೊಳಗಳಲ್ಲೂ ಬಗೆಗಳಿವೆ. ಬಡಾವಣೆಯ ಸಣ್ಣ ಕೊಳಕ್ಕೆ ಮೂವತ್ತು ದಾಟಿದವರು ಮಾತ್ರ ಇಳಿಯಬಹುದು. ಫ್ಯಾಮಿಲಿ ಪೂಲಿಗೆ ಮಕ್ಕಳೂ ಬರಬಹುದು. ಒಂದು ಮನೆಯಿಂದ ಫ್ಯಾಮಿಲಿ ಪೂಲ್ ನಾಲ್ಕು ಹೆಜ್ಜೆ. ಇನ್ನೊಂದರಿಂದ ದೊಡ್ಡವರ ಕೊಳ.

“ಇದೇ ಹಿಡಿಯೋಣ ಕಣೇ, ಮಕ್ಕಳು ಬಂದಾಗ ನಡ್ಕೊಂಡೇ ಹೋಗಬಹುದು,” ಎಂದರು ಇವರು, ಮೊದಲನೆಯದರ ಮೇಲೆ ಬೆರಳಿಟ್ಟು.

“ನೋಡೋಣ ರೀ,” ಎಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ನನಗೆ ಗೊತ್ತಿತ್ತು. ಆ ಊರಿನ ಬಹುತೇಕ ಬಡಾವಣೆಗಳಲ್ಲಿ ಹತ್ತೊಂಬತ್ತರೊಳಗಿನವರು ವಾಸವಿರುವಂತಿಲ್ಲ, ವರ್ಷಕ್ಕೆ ಮೂವತ್ತು ದಿನ ಅತಿಥಿಗಳಾಗಿ ಇರಬಹುದು ಅಷ್ಟೆ. ನಿಯಮ ಮೊದಲ ಸಲ ಓದಿದಾಗ ಇವರು “ಛೇ, ಇದೇನು ಕಟುಕತನ” ಎಂದಿದ್ದರು. ನಾನು ಹೌದೆಂದು ತಲೆಯಾಡಿಸಿದ್ದೆ. ಒಳಗೆ ಮಾತ್ರ ನಿರಾಳವಾಗಿತ್ತು. ನಾನು ಬಾಯಿಬಿಟ್ಟು ಹೇಳಲಾರದ ‘ಬೇಡ’ವನ್ನು ಒಂದು ಊರು ತನ್ನ ಕಾನೂನಾಗಿ ಬರೆದಿಟ್ಟುಕೊಂಡಿತ್ತು.

ಮೊಮ್ಮಕ್ಕಳೆಂದರೆ ನನಗೆ ಪ್ರಾಣ. ಇದನ್ನು ಯಾರೆದುರೂ ರುಜುವಾತು ಮಾಡಬೇಕಿಲ್ಲ. ಮಗಳ ಎರಡು ಬಾಣಂತನ ನಾನೇ ಮಾಡಿದೆ. ಕೆಲಸದಿಂದ ನಿವೃತ್ತಳಾದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಮಗಳು, ಅಳಿಯ ಬರುವವರೆಗೆ ಮಕ್ಕಳ ಜೊತೆಗಿದ್ದೆ. ಸ್ಕೂಲ್ ಬಸ್ಸಿಗೆ ಕಾಯುವುದು, ಅನ್ನ ಸಾರು ಕಲಸಿ ತಿನ್ನಿಸುವುದು, ಜ್ವರ ಬಂದ ರಾತ್ರಿಗಳು, ಯಾವುದೂ ನನಗೆ ಭಾರ ಎನಿಸಲಿಲ್ಲ. ಭಾರ ಎನಿಸಿದ್ದು ಬೇರೆ. ನಾನು ಇದ್ದೇ ಇರುತ್ತೇನೆ ಎಂದು ಎಲ್ಲರೂ, ನಾನೂ ಸೇರಿ, ತೀರ್ಮಾನಿಸಿಬಿಟ್ಟಿದ್ದೆವು. ಮಗಳು ಕೇಳುವ ಮೊದಲೇ ನಾನು ಬರುತ್ತೇನೆ ಎನ್ನುತ್ತಿದ್ದೆ. ಕೇಳಿಸಿಕೊಂಡು ಒಪ್ಪುವುದಕ್ಕಿಂತ ಅದು ಸುಲಭವಾಗಿತ್ತು. ಕೇಳಿದ್ದಿದ್ದರೆ ಯೋಚಿಸಬೇಕಾಗುತ್ತಿತ್ತು.

ನನ್ನ ಅಮ್ಮನ ನೆನಪೂ ಕಾಡಿತು. ಮಗಳು ಹುಟ್ಟಿದಾಗ ಅಮ್ಮ ಮೈಸೂರಿನಿಂದ ಒಬ್ಬಳೇ ಬಂದಿದ್ದಳು. ಜೀವಮಾನದಲ್ಲಿ ಅದೇ ಮೊದಲ ವಿಮಾನ. ವೀಸಾದವರು ಕೊಟ್ಟ ಆರು ತಿಂಗಳೂ ಇದ್ದಳು, ಎಲ್ಲ ಚಳಿಗಾಲದಲ್ಲೇ. ಬಾಗಿಲು ತೆಗೆದರೆ ಹಿಮ, ಟಿವಿ ಹಾಕಿದರೆ ತಿಳಿಯದ ಭಾಷೆ. ಮಧ್ಯಾಹ್ನ ಮಗು ಮಲಗಿದ ಮೇಲೆ ಅಮ್ಮ ಸೋಫಾದ ತುದಿಯಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ವರ್ಷಕ್ಕಾಗುವಷ್ಟು ಹೊಸೆದು ಡಬ್ಬಿ ತುಂಬಿಟ್ಟು ಹೋದಳು. ನಿನಗೆ ಬೇಸರವೇನಮ್ಮ ಎಂದು ನಾನು ಕೇಳಲಿಲ್ಲ. ಬಂದದ್ದೇ ಅವಳ ಸಂತೋಷ ಎಂದುಕೊಂಡಿದ್ದೆ. ನಿಜವಾಗಿ ಸಂತೋಷವೇ ಇದ್ದಿರಬಹುದು. ಈಗ ಕೇಳೋಣವೆಂದರೆ ಅವಳಿಲ್ಲ. ಆದರೆ ನನ್ನ ಮಗಳಿಗೆ ಕೇಳಲು ಅಮ್ಮ ಇದ್ದಾಳೆ. ಹಾಗಿರುವಾಗ ಉತ್ತರವನ್ನು ಒಂದು ಊರಿನ ನಿಯಮದ ಹಿಂದೆ ಬಚ್ಚಿಡುವುದು ನ್ಯಾಯವಲ್ಲ ಎನಿಸಿತು. ನಿಯಮ ಅಡ್ಡ ಬಂತು, ಇಲ್ಲದಿದ್ದರೆ ಕರೆಸಿಕೊಳ್ಳುತ್ತಿದ್ದೆ ಎಂದು ಮಗಳಿಗೆ ಹೇಳಲು ನಾನು ತಯಾರಾಗಿದ್ದೆ. ಅರ್ಧ ಸುಳ್ಳು ಅದು. ಅವಳು ಅದನ್ನು ಪೂರ್ತಿ ನಂಬುತ್ತಿದ್ದಳು.

ಬೆಳಿಗ್ಗೆ ಕಾಫಿ ಸೋಸುತ್ತ ಇವರಿಗೆ ಹೇಳಿದೆ. “ನನಗೆ ಆ ಎರಡನೇ ಮನೆ ಬೇಕು ರೀ. ಮೂರು ತಿಂಗಳು ಯಾರದ್ದೂ ಹೊತ್ತು ನೋಡದೆ ಇರಬೇಕು ಅನಿಸಿದೆ.”

ಇವರು ಕಾಫಿ ಮುಗಿಸುವವರೆಗೂ ಮಾತಾಡಲಿಲ್ಲ. ಮಕ್ಕಳಿಲ್ಲದ ಊರಿನಲ್ಲಿ ತಮ್ಮ ದಿನ ಹೇಗೆ ಕಳೆಯುತ್ತದೋ ಎಂಬ ಅಳುಕು ಅವರಿಗೂ ಇತ್ತು ಎಂದು ಆಮೇಲೆ ತಿಳಿಯಿತು. ಕೊನೆಗೆ, “ಬರಲಿ ಬಿಡು, ಬಂದಾಗ ಕಾರ್ಟಿನಲ್ಲಿ ನಾನೇ ಕರ್ಕೊಂಡು ಹೋಗ್ತೀನಿ. ಎಷ್ಟು ದೂರ ಮಹಾ,” ಎಂದರು. ಅದೇ ದಿನ ಮುಂಗಡ ಕಳಿಸಿದೆವು.

ಮಗಳಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಫೋನಿನಲ್ಲಿ ಸುತ್ತಿ ಬಳಸಿ ಮಾತಾಡುತ್ತಿದ್ದಾಗ ಅವಳೇ ತಡೆದಳು.

“ಅಮ್ಮ, ನಿಂಗೆ ಸುಸ್ತಾಗಿದೆಯಾ?”

“ಹೌದು ಪುಟ್ಟಿ.”

ಎಷ್ಟೋ ವರ್ಷಗಳಲ್ಲಿ ಅವಳಿಗೆ ನಾನು ಹೀಗೆ ಹೇಳಿದ್ದು ಅದೇ ಮೊದಲು. ಅವಳು ಅತ್ತಳು, ನಾನೂ ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಮಾರ್ಚ್‌ನಲ್ಲಿ ಮಕ್ಕಳಿಗೆ ರಜೆ ಯಾವಾಗ ಎಂದು ನಾನೇ ಕೇಳಿದೆ. ಒಂದು ವಾರಕ್ಕೆ ಬರುತ್ತಾರೆ. ಅಡುಗೆ ತನ್ನದಂತೆ.