ಮಾದಿಹಳ್ಳಿಯಿಂದ ಒನಿಟ್ಷಾವರೆಗೆ

ಅರಸೀಕೆರೆಯ ತೆಂಗಿನ ತೋಟಗಳನ್ನು ಹಿಂದೆ ಬಿಟ್ಟು ಜಾವಗಲ್ ದಾರಿಯಾಗಿ ಬಂದರೆ ಹಳೇಬೀಡು. ಬೇಲೂರು ದಾಟಿ ಪಶ್ಚಿಮಕ್ಕೆ ಹೋದರೆ ಕಾಫಿ ತೋಟಗಳ ನೆರಳು. ಬಯಲುಸೀಮೆ ಮಲೆನಾಡಿಗೆ ಕೈಚಾಚುವ ಈ ನೆಲದಲ್ಲಿ ಬೇಲೂರು ತಾಲ್ಲೂಕಿನ ಹೋಬಳಿ ಕೇಂದ್ರ ಮಾದಿಹಳ್ಳಿ. ಪ್ರವಾಸಿಗರ ಬಸ್ಸುಗಳೆಲ್ಲ ಹಳೇಬೀಡಿನಲ್ಲಿ ನಿಲ್ಲುತ್ತವೆ. ಆದರೆ ಅಕ್ಷರದ ಲೆಕ್ಕದಲ್ಲಿ ಈ ಸುತ್ತಿನ ಊರುಗಳು ಯಾವುವೂ ಸಣ್ಣವಲ್ಲ.

ಇದೇ ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸುಮಾರು ಕ್ರಿ.ಶ. 450ರದೆನ್ನುವ ಶಾಸನ ಕನ್ನಡದ ಅತಿ ಹಳೆಯ ಬರಹಗಳಲ್ಲೊಂದು. ಹಳೇಬೀಡು ದೋರಸಮುದ್ರವಾಗಿದ್ದಾಗ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನ 1209ರಲ್ಲಿ ‘ಯಶೋಧರ ಚರಿತೆ’ ರಚಿಸಿದ. ಬೇಲೂರಿನ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ಶಿಲ್ಪಗಳ ಮೇಲೆ ತಮ್ಮ ಹೆಸರನ್ನೂ ಕೆತ್ತಿದ್ದಾರೆ. ಮಾಡಿದವನ ಹೆಸರು ಕೃತಿಯ ಮೇಲಿರಬೇಕೆಂಬ ಪಾಠ ಇಲ್ಲಿ ಒಂಬತ್ತು ನೂರು ವರ್ಷ ಹಳೆಯದು.

ಆದರೂ ಜನ್ನನಿಗೆ ಅರಸ ಬೇಕಿತ್ತು. ಅಚ್ಚಿನ ಕಾಲದಲ್ಲಿ ಪ್ರಕಾಶಕ ಬೇಕಾದ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರು. ಇಂದು ಮಾದಿಹಳ್ಳಿಯ ಹುಡುಗಿಯೊಬ್ಬಳು ಕಥೆ ಬರೆದಳೆನ್ನೋಣ. ಅದು ಓದುಗರನ್ನು ಮುಟ್ಟುವ ಬಗೆ ಹೇಗೆ?

ಈ ಪ್ರಶ್ನೆಯನ್ನು ನಮಗಿಂತ ತೀವ್ರವಾಗಿ ಎದುರಿಸಿದವರು ಆಫ್ರಿಕದ ಬರಹಗಾರರು. ನೈಜೀರಿಯದಲ್ಲಿ ನೈಜರ್ ನದಿಯ ದಡದ ಒನಿಟ್ಷಾ ಪೇಟೆಯಲ್ಲಿ 1940ರ ದಶಕದಿಂದಲೇ ಸಣ್ಣ ಮುದ್ರಣಾಲಯಗಳು ಅಗ್ಗದ ಕಿರುಪುಸ್ತಕಗಳನ್ನು ಅಚ್ಚು ಹಾಕಿ ಮಾರುತ್ತಿದ್ದವು. 1967–70ರ ಅಂತರ್ಯುದ್ಧ ಅದಕ್ಕೆ ಪೆಟ್ಟು ಕೊಟ್ಟಿತು. ಮುಂದೆ 2013ರಲ್ಲಿ ಅದೇ ದೇಶದಲ್ಲಿ ‘ಒಕಾಡಬುಕ್ಸ್’ ಶುರುವಾಯಿತು. ಒಕಾಡ ಎಂದರೆ ಅಲ್ಲಿ ಬಾಡಿಗೆಗೆ ಓಡುವ ಮೋಟಾರ್ ಬೈಕು. ಲೇಖಕರೇ ಪುಸ್ತಕವನ್ನು ಅಂತರ್ಜಾಲಕ್ಕೆ ಏರಿಸುವುದು, ಓದುಗರು ಮೊಬೈಲಿನಲ್ಲಿ ಕೊಂಡು ಓದುವುದು ಅದರ ಕ್ರಮ. ಹತ್ತು ವರ್ಷ ನಡೆದು 2023ರಲ್ಲಿ ಅದು ಬಾಗಿಲು ಮುಚ್ಚಿತು. ತಮ್ಮ ಮೂಲಪ್ರತಿಯನ್ನು ಬೇರೆ ಇಟ್ಟುಕೊಂಡವರು ಮತ್ತೊಂದು ಅಂಗಡಿ ಹುಡುಕಬಹುದು; ಇಟ್ಟುಕೊಳ್ಳದವರ ಗತಿ?

ಕನ್ನಡದ ದಾರಿಯೂ ಸಲೀಸಲ್ಲ. 2016ರಲ್ಲಿ ಅಮೆಜಾನಿನ ಕಿಂಡಲ್ ಭಾರತದ ಐದು ಭಾಷೆಗಳಲ್ಲಿ ಇ-ಪುಸ್ತಕ ಆರಂಭಿಸಿದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡಿಗರೇ ಕಟ್ಟಿದ ಮೈಲ್ಯಾಂಗ್‌ನಂಥ ಮಳಿಗೆಗಳು ಇ-ಪುಸ್ತಕ, ಕೇಳುವ ಪುಸ್ತಕಗಳನ್ನು ತಂದವು. ಬೇಡಿಕೆ ಬಂದಾಗ ಬೇಕಾದಷ್ಟೇ ಪ್ರತಿ ಅಚ್ಚು ಹಾಕುವ ‘ಪೋಥಿ’ ಬೆಂಗಳೂರಿನದೇ. ಸಾವಿರ ಪ್ರತಿ ಹಾಕಿಸಿ ಅಟ್ಟದ ಮೇಲಿಡುವ ಸಂಕಟ ಇದರಿಂದ ತಪ್ಪುತ್ತದೆ.

ಇಲ್ಲೊಂದು ವಿಜ್ಞಾನದ ಮಾತಿದೆ. ಕಂಪ್ಯೂಟರಿಗೆ ಅಕ್ಷರ ತಿಳಿಯದು, ಸಂಖ್ಯೆ ತಿಳಿಯುತ್ತದೆ. ಹಳೆಯ ಡಿಟಿಪಿ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷಿನ ಸಂಖ್ಯೆಗಳನ್ನು ಎರವಲು ಪಡೆದು ಕೂತಿರುತ್ತವೆ. ಆ ಫಾಂಟಿಲ್ಲದ ಫೋನಿನಲ್ಲಿ ಕಥೆ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಯೂನಿಕೋಡ್‌ನಲ್ಲಿ ‘ಕ’ಕಾರಕ್ಕೆ 3221 ಎಂಬ ಸ್ವಂತ ಸಂಖ್ಯೆಯಿದೆ, ಮಾದಿಹಳ್ಳಿಯಲ್ಲೂ ಒನಿಟ್ಷಾದಲ್ಲೂ ಅದು ‘ಕ’ವೇ. ಇ-ಪುಸ್ತಕಕ್ಕೆ ಬೇಕಾದುದು ಇಂಥ ಪಠ್ಯ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಸಂಸ್ಥೆ ಉಚಿತವಾಗಿಯೇ ಕೊಡುತ್ತದೆ.

ಆದ್ದರಿಂದ ಬರೆಯುವ ಮಕ್ಕಳು ಯೂನಿಕೋಡ್‌ನಲ್ಲೇ ಟೈಪು ಮಾಡುವುದನ್ನು ಕಲಿಯಲಿ. ಮೂಲಪ್ರತಿ ಎರಡು ಮೂರು ಕಡೆ ಇರಲಿ, ಒಂದು ಕಾಗದದ ಮೇಲೂ ಇರಲಿ. ಹಕ್ಕು ಯಾರಿಗೆ, ಎಷ್ಟು ಕಾಲಕ್ಕೆ ಎಂಬುದನ್ನು ಒಪ್ಪಂದದಲ್ಲಿ ಓದಿ ನೋಡುವ ಕೆಲಸ ತಂದೆತಾಯಿಯರದು. ದಾಸೋಜನ ಹೆಸರು ಉಳಿದದ್ದು ಕಲ್ಲಿನ ಗಟ್ಟಿತನದಿಂದ. ಅಂತರ್ಜಾಲದ ಅಂಗಡಿಗೆ ಆ ಗಟ್ಟಿತನವಿಲ್ಲ. ಅದನ್ನು ಬರೆದವರೇ ಒದಗಿಸಬೇಕು.