ಆರನೇ ಬಾಗಿಲು

ಸಿದ್ದಾಪುರ, ಕೊಡಗು
ಜನವರಿ, ಮಂಗಳವಾರ ರಾತ್ರಿ

ಪ್ರೀತಿಯ ಅಕ್ಕ,

ಕುಶಾಲನಗರದಲ್ಲಿ ಬಸ್ಸು ಬದಲಿಸಿ, ನೆಲ್ಯಹುದಿಕೇರಿ ಕಳೆದು ಕಾವೇರಿ ಸೇತುವೆ ದಾಟಿದರೆ ಇದೇ ಊರು. ಕಾಫಿ ಕೊಯ್ಲಿನ ಕಾಲ. ಬಸ್ ಸ್ಟ್ಯಾಂಡಿನಲ್ಲಿ ಮಲಯಾಳಂ, ಕನ್ನಡದ ಜೊತೆಗೆ ಈಗ ಅಸ್ಸಾಮಿನವರ ಮಾತೂ ಕಿವಿಗೆ ಬೀಳುತ್ತದೆ.

ಇವತ್ತು ಒಂದು ತೋಟದ ಕೂಲಿಯವರ ಲೈನ್ ಮನೆಗೆ ಹೋಗಿದ್ದೆ. ಒಂದೇ ಮಾಡಿನ ಕೆಳಗೆ ಸಾಲಾಗಿ ಹತ್ತು ಬಾಗಿಲು. ಬಾಗಿಲಿಗೊಂದು ಕೋಣೆ, ಹಿಂದೆ ಮಸಿ ಹಿಡಿದ ಒಲೆಮೂಲೆ. ಅಡ್ಡಗೋಡೆಗಳು ಮಾಡಿನವರೆಗೆ ಏರಿಲ್ಲ. “ಒಂದನೇ ಮನೇಲಿ ಕೆಮ್ಮಿದ್ರೆ ನಂಗೆ ನಿದ್ದೆ ಬಿಡ್ತದೆ” ಅಂತ ಆರನೇ ಬಾಗಿಲಿನ ಅಜ್ಜಿ ನಕ್ಕಳು. ನನಗೆ ಕ್ಷಯ ನೆನಪಾಗಿ ನಗು ಬರಲಿಲ್ಲ. ಕಕ್ಕಸು ಸಾಲಿನ ತುದಿಯಲ್ಲಿದೆ. ಕತ್ತಲಾದ ಮೇಲೆ ಆನೆ ಭಯ, ಅತ್ತ ಯಾರೂ ಸುಳಿಯುವುದಿಲ್ಲ. ಹೆಂಗಸರು ಸಂಜೆಯಿಂದಲೇ ನೀರು ಕುಡಿಯುವುದು ಕಡಿಮೆ ಮಾಡುತ್ತಾರಂತೆ. ಮನೆ, ನೀರು, ಕಕ್ಕಸು, ಔಷಧಿ ಎಲ್ಲವೂ ಮಾಲೀಕರ ಹೊಣೆ ಎನ್ನುತ್ತಿತ್ತು 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ. ಆನೆಯ ಸುದ್ದಿ ಅದರಲ್ಲಿರಲಿಲ್ಲ, ಬಿಡು.

ಅಲ್ಲಿ ಕೂತಾಗ ನಮ್ಮ ಮಲ್ಲೇಶ್ವರದ ಮನೆ ಕಣ್ಣಿಗೆ ಬಂತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಡಿದ ಮೇಲೆ, ಪೇಟೆಯ ಇಕ್ಕಟ್ಟು ಬೇಡವೆಂದು ಮಲ್ಲೇಶ್ವರ, ಬಸವನಗುಡಿ ಬೆಳೆದವಲ್ಲ. ಅಗಲದ ರಸ್ತೆ, ಗಾಳಿ, ಬೆಳಕು, ಮನೆ ಹಿಂದೆ ಮಲ ಹೊರುವವರು ಓಡಾಡಲೆಂದೇ ಒಂದು ಗಲ್ಲಿ. ನಾವು ಕ್ರಿಕೆಟ್ ಆಡಿದ್ದು ಅದರಲ್ಲೇ. ಆ ಗಲ್ಲಿಯಲ್ಲಿ ಬಂದು ಹೋಗುತ್ತಿದ್ದವರು ರಾತ್ರಿ ಎಲ್ಲಿ ಮಲಗುತ್ತಿದ್ದರು ಅಂತ ಅಜ್ಜನನ್ನು ಒಮ್ಮೆಯೂ ಕೇಳಲಿಲ್ಲವಲ್ಲ ನಾವು!

ಇಲ್ಲಿ ಮನೆ ಕೆಲಸಕ್ಕೆ ಅಂಟಿಕೊಂಡದ್ದು. ಮೈಯಲ್ಲಿ ಕಸುವು ಹೋದರೆ ಸೂರೂ ಹೋಯಿತು. ಹಾಗೆ ನೆಲೆ ತಪ್ಪಿದ ಕೂಲಿಯವರಿಗೆ ಹೊಳೆದಂಡೆಯೋ ಕಾಡಂಚೋ ಗತಿ. ಕರಡಿಗೋಡು, ಗುಹ್ಯದ ದಂಡೆಯ ಮನೆಗಳನ್ನು 2019ರ ಆಗಸ್ಟಿನಲ್ಲಿ ಕಾವೇರಿ ಕೆಡವಿತು. ದಿಡ್ಡಳ್ಳಿಯ ಆದಿವಾಸಿ ಗುಡಿಸಲುಗಳನ್ನು 2016ರ ಡಿಸೆಂಬರಿನಲ್ಲಿ ಅರಣ್ಯ ಇಲಾಖೆ ಕಿತ್ತಿತು. ಅಲ್ಲಿದ್ದ ಎಷ್ಟೋ ಜನ ಇಂಥ ಲೈನ್ ಮನೆಗಳಿಂದಲೇ ಬಂದವರು. ದೊಡ್ಡ ಹೋರಾಟವಾದ ಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅವರಿಗೆ ಮನೆ ಸಿಕ್ಕಿತು.

ಹೊರಡುವಾಗ ಅಜ್ಜಿ, “ನೀವಿರೋ ಮನೆ ಯಾರದು?” ಅಂದಳು. ನಮ್ಮದೇ, ಅಜ್ಜನ ಕಾಲದ್ದು ಅಂದೆ. “ಅವ್ರು ಎಷ್ಟು ವರ್ಷ ಅಲ್ಲಿ ಕೆಲ್ಸ ಮಾಡಿದ್ರು?” ಅಂತ ಕೇಳಿದಳು.

ಶನಿವಾರ ಬರುತ್ತೇನೆ. ಅಮ್ಮನಿಗೆ ಕರಿಮೆಣಸು ತೆಗೆದಿಟ್ಟಿದ್ದೇನೆ ಅಂತ ಹೇಳು.

ನಿನ್ನ ತಮ್ಮ