ಬಿಟ್ಟರೆ ಏನಾಗುತ್ತದೆ?

ಗೆಳೆಯರ ಸಣ್ಣದೊಂದು ತಂತ್ರಾಂಶ ಯೋಜನೆಗೆ ಕೈಪಿಡಿ ಬರೆಯುವ ಕೆಲಸ ನಮ್ಮ ಪಾಲಿಗೆ ಬಂದಿದೆ. ಹಳೆಯ ಕನ್ನಡ ಲೇಖನಗಳ ಕಡತಗಳನ್ನು ಓದಿ ಪದಸೂಚಿ ತಯಾರಿಸುವ ಪೈಥಾನ್ ಫಂಕ್ಷನ್‌ಗಳು ಅದರಲ್ಲಿವೆ. ಇಂಗ್ಲಿಷ್ ಎಂ.ಎ. ಮಾಡಿದವರಿಗೆ ವಿವರಣೆ ಬರೆಯಲು ಬರುತ್ತದೆಂಬ ನಂಬಿಕೆ ಎಲ್ಲೆಡೆಯೂ ಇದೆ. ಕಚೇರಿಯಲ್ಲೂ ಟಿಪ್ಪಣಿಗಳ ಕರಡು ನಮ್ಮ ಮೇಜಿಗೇ ಬರುತ್ತದೆ. ಫಂಕ್ಷನ್ನಿಗೆ ನಾವು ಒದಗಿಸುವ ವಿವರಗಳನ್ನು ಪ್ಯಾರಾಮೀಟರ್ ಎನ್ನುತ್ತಾರೆ. ಕೆಲವನ್ನು ಕೊಡಲೇಬೇಕು, ಕೆಲವನ್ನು ಬಿಡಬಹುದು. ಬಿಡಬಹುದಾದವುಗಳ ಮುಂದೆ ‘ಐಚ್ಛಿಕ’ ಎಂದು ಬರೆದು ಸಾಗುವುದು ವಾಡಿಕೆ. ಆ ಒಂದು ಪದ ಓದುಗನಿಗೆ ಬೇಕಾದದ್ದನ್ನು ಹೇಳುವುದಿಲ್ಲ ಎಂಬುದೇ ನಮ್ಮ ತಕರಾರು.

ಕಡತ ತೆರೆಯುವ ‘ಓಪನ್’ ಎಂಬ ಫಂಕ್ಷನ್ನನ್ನೇ ನೋಡೋಣ. ಅದಕ್ಕೆ ಎಂಟು ಪ್ಯಾರಾಮೀಟರ್‌ಗಳು. ಕಡತದ ಹೆಸರೊಂದು ಕಡ್ಡಾಯ, ಉಳಿದ ಏಳೂ ಐಚ್ಛಿಕ. ಎರಡನೆಯದಾದ ‘ಮೋಡ್’ ಅನ್ನು ಬಿಟ್ಟರೆ ಕಡತ ಓದುವುದಕ್ಕಾಗಿ ತೆರೆದುಕೊಳ್ಳುತ್ತದೆ. ಯಾವ ಯಂತ್ರದಲ್ಲಾದರೂ ಅಷ್ಟೇ. ನಾಲ್ಕನೆಯದು ‘ಎನ್‌ಕೋಡಿಂಗ್’, ಅಂದರೆ ಕಡತದ ಬೈಟುಗಳನ್ನು ಯಾವ ಸಂಕೇತಪದ್ಧತಿಯಂತೆ ಅಕ್ಷರಗಳಾಗಿ ಓದಬೇಕೆಂಬ ಸೂಚನೆ. ಅದರ ಪೂರ್ವನಿಯೋಜಿತ ಮೌಲ್ಯ ‘ನನ್’, ಏನೂ ಇಲ್ಲ, ಎಂದಿದೆ. ಈ ‘ಏನೂ ಇಲ್ಲ’ದ ನಿಜವಾದ ಅರ್ಥ, ತೀರ್ಮಾನವನ್ನು ಯಂತ್ರಕ್ಕೆ ಬಿಟ್ಟಿದೆ ಎಂಬುದು. ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ಯುಟಿಎಫ್-8; ಇಂಗ್ಲಿಷ್ ವಿಂಡೋಸಿನಲ್ಲಿ ಪಶ್ಚಿಮ ಯುರೋಪಿನ ಭಾಷೆಗಳಿಗೆಂದು ರೂಪಿಸಿದ ವಿಂಡೋಸ್-1252.

ಕನ್ನಡದ ಕಷ್ಟ ಇಲ್ಲಿಂದ ಆರಂಭ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ ಮೂರು ಬೈಟು. ಒತ್ತಕ್ಷರವನ್ನು ಕಟ್ಟುವ ವಿರಾಮ ಚಿಹ್ನೆಗೆ 224, 179, 141. ವಿಂಡೋಸ್-1252ರ ಪಟ್ಟಿಯಲ್ಲಿ 141ರ ಮನೆ ಖಾಲಿ. ಹೀಗಾಗಿ ‘ಮನೆ’ ಎಂಬ ಪದ ವಿಕಾರಗೊಂಡಾದರೂ ಒಳಗೆ ಬರುತ್ತದೆ. ‘ಅಮ್ಮ’ ಎದುರಾದರೆ ಪೈಥಾನ್ ದೋಷ ಸಾರಿ ನಿಂತುಬಿಡುತ್ತದೆ. ‘ಕನ್ನಡ’ ಎಂಬ ಹೆಸರನ್ನೂ ಅದು ಓದಲಾರದು! ಬರಿಯ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಏಕೆಂದರೆ ಆ ಅಕ್ಷರಗಳಿಗೆ ಎರಡೂ ಪದ್ಧತಿಗಳಲ್ಲಿ ಒಂದೇ ಸಂಖ್ಯೆ. ಅವರಿಗೆ ಐಚ್ಛಿಕವಾದದ್ದು ನಮಗೆ ಕಡ್ಡಾಯ. ಪೈಥಾನಿನ ಕೈಪಿಡಿ ಈ ಸಂಗತಿಯನ್ನು ಮುಚ್ಚಿಟ್ಟಿಲ್ಲ, ಕೆಳಗಿನ ವಿವರಣೆಯಲ್ಲಿ ಹೇಳಿದೆ. ಆದರೆ ಅವಸರದ ಓದುಗ ಮೊದಲ ಸಾಲನ್ನಷ್ಟೇ ನೋಡಿ ಹೊರಡುತ್ತಾನೆ. 3.10ನೆಯ ಆವೃತ್ತಿಯಲ್ಲಿ ಬೇಕೆಂದವರಿಗೆ ಎಚ್ಚರಿಕೆ ಕೊಡುವ ಏರ್ಪಾಡು ಬಂತು. 3.15ರಿಂದ ಯುಟಿಎಫ್-8 ಅನ್ನೇ ಪೂರ್ವನಿಯೋಜಿತವಾಗಿಸಲು ತೀರ್ಮಾನವಾಗಿದೆ.

ಬಿಡುವುದರಲ್ಲಿಯೂ ಬಗೆಗಳಿವೆ. ಪೈಥಾನಿನ ನಿಘಂಟಿನಿಂದ ಒಂದು ಪದವನ್ನು ತೆಗೆಯುವ ‘ಪಾಪ್’ಗೆ ಎರಡನೆಯ ಪ್ಯಾರಾಮೀಟರನ್ನು ಬಿಟ್ಟರೆ, ಪದ ಸಿಗದಿದ್ದಾಗ ದೋಷ ಬರುತ್ತದೆ, ಅದೇ ಜಾಗದಲ್ಲಿ ‘ನನ್’ ಎಂದು ಕೊಟ್ಟರೆ ಅದು ಸದ್ದಿಲ್ಲದೆ ‘ನನ್’ ಅನ್ನು ಹಿಂತಿರುಗಿಸುತ್ತದೆ. ಕಾಲಂ ಖಾಲಿ ಬಿಡುವುದು ಬೇರೆ, ‘ಇಲ್ಲ’ ಎಂದು ಬರೆಯುವುದು ಬೇರೆ ಎಂಬುದು ಸರ್ಕಾರಿ ನಮೂನೆಗಳೊಡನೆ ದಿನ ಕಳೆಯುವ ನಮ್ಮಂಥವರಿಗೆ ಹೊಸದೇನಲ್ಲ.

ಪಾಣಿನಿ ವಿಕಲ್ಪವನ್ನು ಸೂಚಿಸಲು ‘ವಾ’, ‘ವಿಭಾಷಾ’, ‘ಅನ್ಯತರಸ್ಯಾಂ’ ಎಂಬ ಮೂರು ಪದಗಳನ್ನು ಬಳಸಿದ್ದಾನೆ. ಪರಂಪರೆ ಇವನ್ನು ಸಮಾನಾರ್ಥಕಗಳೆಂದೇ ತಿಳಿದಿತ್ತು. 1979ರಲ್ಲಿ ಪಾಲ್ ಕಿಪಾರ್ಸ್ಕಿ, ‘ವಾ’ ಎಂದರೆ ಮಾಡುವುದು ಮೇಲು, ‘ವಿಭಾಷಾ’ ಎಂದರೆ ಮಾಡದಿರುವುದು ಮೇಲು, ‘ಅನ್ಯತರಸ್ಯಾಂ’ ಎಂದರೆ ಎರಡೂ ಸಮ ಎಂದು ವಾದಿಸಿದರು. ಎಲ್ಲ ವಿದ್ವಾಂಸರೂ ಅದನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ಕೈಪಿಡಿ ಬರೆಯುವವನಿಗೆ ಈ ಮೂರು ಪದಗಳ ಮೇಲೆ ಆಸೆಯಾಗುವುದು ಸಹಜ. ‘ಐಚ್ಛಿಕ’ ಎಂಬ ಒಂದೇ ಪದಕ್ಕಿಂತ ಎಷ್ಟು ಸಿರಿವಂತ!

ಸದ್ಯಕ್ಕೆ ನಮ್ಮ ಕೈಪಿಡಿಯಲ್ಲಿ ಹೀಗೆ ಬರೆದಿದ್ದೇವೆ: “ಎನ್‌ಕೋಡಿಂಗ್: ಬಿಡಬಹುದು. ಬಿಟ್ಟರೆ ಯುಟಿಎಫ್-8 ಎಂದೇ ಓದಲಾಗುವುದು. ಯಂತ್ರದ ಸೆಟ್ಟಿಂಗ್ ಗಣನೆಗೆ ಬರುವುದಿಲ್ಲ. ನುಡಿ ಅಥವಾ ಬರಹದ ಹಳೆಯ ಫಾಂಟಿನ ಕಡತವಾದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.” ಒಂದು ಪ್ಯಾರಾಮೀಟರಿಗೆ ಇಷ್ಟುದ್ದದ ಮಾತೇಕೆಂದು ಗೆಳೆಯರು ಕೇಳಿದ್ದಾರೆ. ಮೊಟಕುಗೊಳಿಸಿಲ್ಲ. ಮುಂದಿನದು ಅಕಾರಾದಿ ಕ್ರಮವನ್ನು ನಿರ್ಧರಿಸುವ ಪ್ಯಾರಾಮೀಟರ್. ಅದನ್ನು ಬಿಟ್ಟರೆ ಅನುಸ್ವಾರ ಎಲ್ಲಿ ಕೂರಬೇಕೆಂಬ ಚರ್ಚೆ ಇನ್ನೂ ನಡೆದಿದೆ.